ಕೊನೆಯ ಪದ್ಯ ಕತ್ತರಿಸಿದವರಿಗೆ

ನನ್ನ ಹೆಸರನ್ನು ಅಳಿಸಿದವರು ನೀವು. ದುಬೈಯಲ್ಲಿ ಕನ್ನಡದ ಹೆಸರಿನಲ್ಲಿ ನಡೆಯುವ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಕುಳಿತು, ಗೊತ್ತಿದ್ದೇ ಅಳಿಸಿದಿರಿ. ಅಳಿಸಿದ ಜಾಗದಲ್ಲಿ ಇನ್ನೊಬ್ಬಳ ಹೆಸರು ಬಂದು ಕೂತಾಗ ಸುಮ್ಮನಿದ್ದಿರಿ. ಆ ಇನ್ನೊಬ್ಬಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ನಾನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ನೀವು ಕೊಟ್ಟ ಉತ್ತರ ಆ ಒಂದೇ ಪದವಾಗಿತ್ತು. ಹೊಟ್ಟೆಕಿಚ್ಚು ಇರುವುದೂ ನಿಜ, ಅನ್ಯಾಯ ನಡೆದಿರುವುದೂ ನಿಜ. ಮೊದಲನೆಯದು ಇದ್ದಮಾತ್ರಕ್ಕೆ ಎರಡನೆಯದು ಸುಳ್ಳಾಗುವುದಿಲ್ಲ.

ನಾನು ಮೈಸೂರಿನಲ್ಲಿ ಪ್ರಾಚೀನ ಇತಿಹಾಸ ಓದಿದವಳು. ಗ್ರೀಕರ ಪುರಾಣಗಳು ಗ್ರೀಸಿನ ಹೊರಗೆ ಏನೇನಾದವು ಎಂಬುದು ನನ್ನ ಪ್ರಬಂಧದ ವಿಷಯವಾಗಿತ್ತು. ಗಾಂಧಾರದ ಶಿಲ್ಪಿಗಳು ಬುದ್ಧನ ಪಕ್ಕದಲ್ಲಿ ಕಾವಲಿಗೆ ನಿಲ್ಲಿಸಿದ ವಜ್ರಪಾಣಿಯ ಹೆಗಲ ಮೇಲೆ ಗ್ರೀಕ್ ವೀರ ಹೆರಾಕ್ಲೀಸನ ಸಿಂಹದ ಚರ್ಮ ಹೇಗೆ ಬಂತು ಎಂದು ಎರಡು ಅಧ್ಯಾಯ ಬರೆದಿದ್ದೇನೆ. ಅಷ್ಟು ಓದಿ ಈಗ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಟೈಪಿಂಗ್ ಸೆಂಟರಿನಲ್ಲಿ ವೀಸಾ ಅರ್ಜಿಗಳನ್ನು ತುಂಬುತ್ತೇನೆ. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಅರ್ಜಿಯಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೆ ಅರ್ಜಿ ವಾಪಸಾಗುತ್ತದೆ. ದಿನಕ್ಕೆ ಮೂವತ್ತು ನಲವತ್ತು ಜನರ ಹೆಸರನ್ನು ತಪ್ಪಿಲ್ಲದೆ ಬರೆದುಕೊಡುವುದು ನನ್ನ ಕೆಲಸ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ದುಬೈಗೆ ಹೋಗಿ ಸಂಘದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಯುಧಿಷ್ಠಿರ ಯಾರೆಂದು ತಿಳಿಯದ ಮಕ್ಕಳಿಗೆ ಗ್ರೀಕರ ಜ್ಯೂಸ್, ಅಥೀನಾ, ಪೊಸೈಡನ್ ಎಲ್ಲರೂ ಗೊತ್ತಿದ್ದರು. ಶಾಲೆಯ ಗ್ರಂಥಾಲಯದಿಂದಲೋ ಆಟದ ಪರದೆಯಿಂದಲೋ ಬಂದ ದೇವತೆಗಳು. ಇತರ ಶಿಕ್ಷಕರು ತಲೆ ಚಚ್ಚಿಕೊಂಡರು. ನನಗೆ ಮಾತ್ರ ಒಂದು ದಾರಿ ಕಂಡಿತು. ಅಬುಧಾಬಿಯ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ನಾನು ಪದೇಪದೇ ನೋಡಲು ಹೋಗುತ್ತಿದ್ದ ಒಂದು ಬೆಳ್ಳಿ ನಾಣ್ಯವಿದೆ. ಸಿಕ್ಕಿದ್ದು ಇದೇ ದೇಶದ ಮರಳಿನಲ್ಲಿ. ಒಂದು ಬದಿಯಲ್ಲಿ ಸಿಂಹದ ತಲೆಯನ್ನೇ ಟೋಪಿಯಾಗಿ ಧರಿಸಿದ ಹೆರಾಕ್ಲೀಸ್, ಇನ್ನೊಂದು ಬದಿಯಲ್ಲಿ ಸಿಂಹಾಸನದ ಮೇಲೆ ಕುಳಿತ ದೇವರು. ಗ್ರೀಕರ ಮೂಲ ನಾಣ್ಯದಲ್ಲಿ ಆ ದೇವರು ಜ್ಯೂಸ್, ಅವನ ಕೈಯಲ್ಲಿ ಹದ್ದು. ಇಲ್ಲಿನ ಅಕ್ಕಸಾಲಿಯ ಕೈಗೆ ಬರುವ ಹೊತ್ತಿಗೆ ಹದ್ದು ಕುದುರೆಯಾಗಿದೆ. ಮ್ಯಾಸಿಡೋನಿಯದ ಚಕ್ರವರ್ತಿಯ ಹೆಸರಿದ್ದ ಜಾಗದಲ್ಲಿ ಈ ನೆಲವನ್ನಾಳಿದವರ ಹೆಸರು, ಈ ಸೀಮೆಯ ಲಿಪಿಯಲ್ಲಿ. ಅದು ಒಬ್ಬ ಹೆಂಗಸಿನ ಹೆಸರು ಎನ್ನುವ ವಿದ್ವಾಂಸರೂ ಇದ್ದಾರೆ. ಕಡಲು ದಾಟಿ, ಮರುಭೂಮಿ ದಾಟಿ ಒಂದು ಕಥೆ ಇಲ್ಲಿಗೆ ಬಂದು ಇಲ್ಲಿಯದೇ ಆಗಿತ್ತು. ಅದನ್ನು ನಮ್ಮ ಮಕ್ಕಳಿಗೆ ನಮ್ಮ ಕರಾವಳಿಯ ಕಲೆಯಲ್ಲೇ ಹೇಳಬೇಕೆನಿಸಿತು. ವಾರ್ಷಿಕೋತ್ಸವಕ್ಕೆಂದು ಒಂದು ತಾಳಮದ್ದಳೆ ಪ್ರಸಂಗ ಬರೆಯಲು ಕೂತೆ.

ಐದು ತಿಂಗಳು ಬರೆದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತನಾಡುತ್ತಾರೆ. ಕಥೆಗೆ ನಾನು ಆರಿಸಿಕೊಂಡದ್ದು ಹೆರಾದೇವಿಯನ್ನು. ಗಂಡ ಜ್ಯೂಸ್ ಮನುಷ್ಯ ಹೆಣ್ಣೊಬ್ಬಳಲ್ಲಿ ಪಡೆದ ಮಗ ಹೆರಾಕ್ಲೀಸ್. ಆ ಕೂಸನ್ನು ಕೊಲ್ಲಲು ತೊಟ್ಟಿಲಿಗೆ ಎರಡು ಹಾವುಗಳನ್ನು ಕಳಿಸಿದವಳು ಹೆರಾ. ಪುರಾಣ ಅವಳನ್ನು ಮತ್ಸರದ ಮೂರ್ತಿಯೆಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ನಾನು ಹಾಗೆ ಮುಗಿಸಲಿಲ್ಲ.

ತೊಟ್ಟಿಲೊಳಗಿನ ಶಿಶುವ ಕಂಡೊಡೆ
ಸುಟ್ಟುಕೊಂಡಳು ತನ್ನ ಕರುಳನು

ಎಂದು ಆರಂಭವಾಗುವ ಪದವನ್ನು ಎಷ್ಟು ಸಲ ತಿದ್ದಿದೆನೋ ಲೆಕ್ಕವಿಲ್ಲ. ಪದ್ಧತಿಯ ಪ್ರಕಾರ ಕೊನೆಯಲ್ಲಿ ಮಂಗಳದ ಪದ್ಯ ಬರೆದು, ಅದರಲ್ಲಿ ನನ್ನ ಊರನ್ನೂ ಹೆಸರನ್ನೂ ಸೇರಿಸಿದೆ. ಪ್ರಸಂಗದ ಕವಿ ತನ್ನನ್ನು ಹೇಳಿಕೊಳ್ಳುವ ಜಾಗ ಅದೊಂದೇ. ಮೊದಲ ಪುಟದಲ್ಲಿ ಹೆಸರು ಹಾಕಲಿಲ್ಲ. ಕೊನೆಯ ಪದ್ಯ ಹಾಡಿದಾಗ ಸಭೆಗೆ ತಾನಾಗಿ ತಿಳಿಯಲಿ ಎಂಬ ಬಿಗುಮಾನವಿತ್ತು. ದಿನವಿಡೀ ಅನ್ಯರ ಹೆಸರುಗಳನ್ನು ಮೊದಲ ಸಾಲಿನಲ್ಲಿ ಬರೆಯುವವಳು ನನ್ನದನ್ನು ಕೊನೆಗಿಟ್ಟೆ. ಈ ತಪ್ಪು ನನ್ನದು. ನಿಮ್ಮ ತಲೆಗೆ ಕಟ್ಟುವುದಿಲ್ಲ.

ಹೆರಾಳ ಅರ್ಥಕ್ಕೆ ಸಮಿತಿ ಆರಿಸಿದ ಹುಡುಗಿ ನನಗಿಂತ ಎರಡು ವರ್ಷ ಚಿಕ್ಕವಳು. ದುಬೈಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವಳಿಗಾಗಿ ಅವಳ ತಾಯಿ, ಅರ್ಥ ಹೇಳಲಿಕ್ಕಿಲ್ಲದ ಮಂಗಳದ ಪದ್ಯವೊಂದನ್ನು ಬಿಟ್ಟು, ಉಳಿದ ಪ್ರಸಂಗವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟರು. ಪ್ರತಿ ಯಾರದೆಂದು ಗುರುತಿಗೆ ಮೇಲೆ ಮಗಳ ಹೆಸರು ಹಾಕಿದರು. ಕನ್ನಡ ಓದಲಾರದ ಇತರರಿಗೂ ಅದೇ ಪ್ರತಿ ವಾಟ್ಸ್‌ಆ್ಯಪಿನಲ್ಲಿ ಹೋಯಿತು. ವಾರದೊಳಗೆ ಎಲ್ಲರ ಫೋನಿನಲ್ಲೂ ಅವಳ ಹೆಸರಿನ ಪ್ರಸಂಗವೇ ಇತ್ತು.

ಅಭ್ಯಾಸ ನಡೆಯುತ್ತಿದ್ದದ್ದು ದುಬೈಯ ನೈಫ್ ಪೇಟೆಯಲ್ಲಿ, ಸಮಿತಿಯ ಸದಸ್ಯರಾದ ಬ್ಯಾರಿ ಕಾಕಾ ಒಬ್ಬರ ಬಟ್ಟೆ ಅಂಗಡಿಯ ಮೇಲಿನ ಗೋದಾಮಿನಲ್ಲಿ. ಭಾನುವಾರ ಮಧ್ಯಾಹ್ನ ಬಟ್ಟೆಯ ಥಾನುಗಳಿಗೆ ಒರಗಿ ಕೂರುತ್ತಿದ್ದೆವು. ಕಾಕಾ ಹಳೆಯ ತಾಳಮದ್ದಳೆಗಳ ದೊಡ್ಡ ಭಕ್ತರು. ಮದ್ದಳೆಯ ಒಂದು ಪೆಟ್ಟು ತಪ್ಪಿದರೂ ಕೆಳಗಿನ ಅಂಗಡಿಯಿಂದಲೇ ಕೆಮ್ಮುತ್ತಿದ್ದರು. ಆ ಹುಡುಗಿ ಬರುತ್ತಿದ್ದದ್ದು ತಂದೆಯ ಕಾರಿನಲ್ಲಿ. ನಾನು ಬಸ್ಸಿನಲ್ಲಿ ಎರಡು ಗಂಟೆ, ಮೇಲೆ ಮೆಟ್ರೋ, ಅಲ್ಲಿಂದ ಬಿಸಿಲಿನಲ್ಲಿ ನಡಿಗೆ. ಅವಳು ಬಂದೊಡನೆ ಎಲ್ಲರ ಮುಖ ಅವಳತ್ತ ತಿರುಗುತ್ತಿತ್ತು. ಅವಳ ನಗು, ಅವಳ ಸಲೀಸು, ತಪ್ಪು ಮಾಡಿದರೂ ನಾಚಿಕೆಪಡದ ಅವಳ ಧೈರ್ಯ ಎಲ್ಲವೂ ನನ್ನನ್ನು ಚುಚ್ಚುತ್ತಿದ್ದವು. ಅವಳು 'ಕರುಳು' ಎಂಬುದನ್ನು 'ಕರುಲು' ಎಂದಾಗ ನಾನು ಎಲ್ಲರೆದುರು ಮೂರು ಸಲ ತಿದ್ದಿದೆ. ಒಂದು ಸಲ ಸಾಕಿತ್ತು.

"ಅಕ್ಕಾ, ನೀವು ಹೆರಾ ಪಾರ್ಟ್ ಮಾಡಿದ್ರೆ ಆ್ಯಕ್ಟಿಂಗೇ ಬೇಕಾಗ್ತಿರ್ಲಿಲ್ಲ," ಎಂದು ಅವಳು ಕೊನೆಗೊಮ್ಮೆ ಅಂದಳು.

ಗೋದಾಮು ಗೊಳ್ಳೆಂದಿತು. ಮದ್ದಳೆಯವರು ಒಂದು ಉರುಳಿಕೆ ನುಡಿಸಿಯೂಬಿಟ್ಟರು. ನಾನೂ ನಕ್ಕೆ.

ವಾರ್ಷಿಕೋತ್ಸವ ನಡೆದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಆರು ಗಂಟೆಗೆ ಸಭಾಂಗಣ ಖಾಲಿಯಾಗಬೇಕಿತ್ತು. ಪ್ರಾಯೋಜಕರ ಸನ್ಮಾನ, ಶಾಲು, ಪೇಟ, ಭಾಷಣ ಎಂದು ನಮ್ಮ ಪ್ರಸಂಗ ಒಂದು ಗಂಟೆ ತಡವಾಗಿ ಶುರುವಾಯಿತು. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಜ್ಯೂಸ್ ಪಾತ್ರದ ಅರ್ಥಧಾರಿ, "ದೇವಿ, ಹಾಲುಗಲ್ಲದ ಕೂಸಿನ ಮೇಲೂ ನಿನಗೆ ಮತ್ಸರವೇ?" ಎಂದು ಕೇಳಿದರು. ಇದಕ್ಕೆ ನಾನು ಬರೆದುಕೊಟ್ಟಿದ್ದ ಉತ್ತರ ಒಂದು ಪುಟದಷ್ಟಿತ್ತು. ದಾಂಪತ್ಯ ಧರ್ಮದ ಬಗ್ಗೆ, ವಚನಭಂಗದ ಬಗ್ಗೆ. ಅವಳು ಅದನ್ನು ಹೇಳಲಿಲ್ಲ. ಬೇರೆಯದನ್ನೇ ಹೇಳಿದಳು.

"ನಾನು ಈ ಅರಮನೆಯಲ್ಲೇ ಹುಟ್ಟಿದವಳು ಸ್ವಾಮಿ. ನಿನ್ನೆ ಹುಟ್ಟಿದ ಕೂಸಿಗೆ ನೀವು ಊರು ಕೊಟ್ಟಿರಿ, ಕೀರ್ತಿ ಕೊಟ್ಟಿರಿ. ನನ್ನನ್ನು ಮಾತ್ರ ಇವತ್ತಿಗೂ ಎಲ್ಲರೂ ಕೇಳುವುದು ಒಂದೇ. ನೀನು ಎಲ್ಲಿಯವಳು?"

ಆಮೇಲೆ ಬಂದ ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ತಟ್ಟಲಿಲ್ಲ. ಐದು ತಿಂಗಳು ಹೆರಾಳ ಜೊತೆ ಬದುಕಿದವಳು ನಾನು, ಅವಳ ಹೊಟ್ಟೆಯ ಬೆಂಕಿ ನನಗೇ ಗೊತ್ತೆಂದು ಬೀಗಿದವಳು ನಾನು. ಆ ಮಾತು ನನಗೆ ಹೊಳೆದಿರಲಿಲ್ಲ. ಇಲ್ಲಿ ಹುಟ್ಟಿಯೂ ಇಲ್ಲಿಯವಳಾಗದ ಒಬ್ಬಳಿಗೆ, ಓದುಬರಹ ಬರದ ಭಾಷೆಯಲ್ಲಿ, ಕುಳಿತಲ್ಲೇ ಹೊಳೆಯಿತು. ನನಗೆ ಅಳು ಬಂತು. ಅದು ಮೆಚ್ಚುಗೆಯ ಅಳು ಎಂದು ಬರೆದರೆ ಸುಳ್ಳಾಗುತ್ತದೆ.

ಕೊನೆಯ ಪದ್ಯಕ್ಕಾಗಿ ಕಾದೆ. ಭಾಗವತರು ಜಾಗಟೆ ಎತ್ತಿದರು, ಕಾರ್ಯದರ್ಶಿಯವರತ್ತ ನೋಡಿದರು, ಜಾಗಟೆ ಕೆಳಗಿಟ್ಟರು. ಪರದೆ ಬಿತ್ತು. ಕಾರ್ಯದರ್ಶಿಯವರು ಮೈಕು ಹಿಡಿದು, "ಗ್ರೀಕರ ಕಥೆಯನ್ನು ಕನ್ನಡಕ್ಕೆ ತಂದ ನಮ್ಮ ದುಬೈಯ ಕುವರಿ" ಎಂದು ಅವಳನ್ನು ವೇದಿಕೆಯ ಅಂಚಿಗೆ ಕರೆದು ಶಾಲು ಹೊದೆಸಿದರು. ಮುಂದಿನ ವಾರ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ಬಂತು. ಅಬುಧಾಬಿಯ ಆ ವಸ್ತುಸಂಗ್ರಹಾಲಯವು ಗ್ರೀಕ್ ಪುರಾಣ ಮತ್ತು ಅರೇಬಿಯದ ಪ್ರಾಚೀನ ಸಂಸ್ಕೃತಿಯ ಕುರಿತು ನಾಲ್ಕು ಶನಿವಾರಗಳ ಕನ್ನಡ ಉಪನ್ಯಾಸಕ್ಕೆ ಸಂಘದಿಂದ ಒಬ್ಬರ ಹೆಸರು ಕೇಳಿದೆ. ಪ್ರಸಂಗದ ಕರ್ತೃವೆಂದು ಆ ಹುಡುಗಿಯ ಹೆಸರನ್ನು ಕಳಿಸಲಾಗಿದೆ. ನಾನು ವರ್ಷಗಟ್ಟಲೆ ಒಬ್ಬಳೇ ನಿಂತು ನೋಡಿದ ನಾಣ್ಯದ ಮುಂದೆ ಅವಳು ನಿಂತು ಮಾತನಾಡುತ್ತಾಳೆ. ಓದಿದ ವಿಷಯವನ್ನು ನಾಲ್ಕು ಜನರ ಮುಂದೆ ಹೇಳುವ ಅವಕಾಶ ಈ ದೇಶದಲ್ಲಿ ನನಗೆ ಅದೊಂದೇ ಇತ್ತು.

ಊಟದ ಬಿಡುವಿನಲ್ಲಿ ಕಾರ್ಯದರ್ಶಿಯವರಿಗೆ ಫೋನು ಮಾಡಿದೆ. ಅವರು ಬೆಂಗಳೂರಿನವರು, ಒಂದು ಐಟಿ ಕಂಪನಿಯಲ್ಲಿ ಮ್ಯಾನೇಜರು.

"ನೋಡಮ್ಮ, ನೀನು ಓದಿರೋಳು. ಕೊನೇಲಿ ಬರೋ ಮಂಗಳ ಅಂದ್ರೆ ಆರತಿ ಥರ ತಾನೆ? ಹಾಲ್ ಖಾಲಿ ಮಾಡ್ಬೇಕಿತ್ತು, ಬಿಟ್ವಿ."

"ಸರ್, ಅದರಲ್ಲಿ ನನ್ನ ಹೆಸರಿತ್ತು. ಬರೆದವರು ಯಾರು ಅಂತ ಹೇಳುವ ಪದ್ಯ ಅದು."

"ಹೆಸರು ಹೆಸರು ಅಂತ ಯಾಕಮ್ಮ ಒದ್ದಾಡ್ತೀಯ? ಸಂಘ ಅಂದ್ಮೇಲೆ ನಾವೆಲ್ಲ ಒಂದೇ ಫ್ಯಾಮಿಲಿ."

"ಹಾಗಾದ್ರೆ ಪ್ರಾಯೋಜಕರ ಹೆಸರುಗಳನ್ನೂ ಬಿಡಬಹುದಿತ್ತಲ್ಲ ಸರ್?"

"ಇದಕ್ಕೇ ಹೊಟ್ಟೆಕಿಚ್ಚು ಅನ್ನೋದು. ಇಲ್ಲೇ ಹುಟ್ಟಿದ ಹುಡುಗಿ ಅಷ್ಟು ಚೆನ್ನಾಗಿ ಕನ್ನಡ ಮಾತಾಡಿದ್ಲು. ಖುಷಿಪಡೋದು ಕಲಿ."

ಮಂಗಳಪದ್ಯದಲ್ಲಿ ಕವಿಯ ಅಂಕಿತವಿರುವುದು ಬೆಂಗಳೂರಿನವರಿಗೆ ತಿಳಿಯದೆ ಹೋಗಿರಬಹುದು. ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಾನುವಾರ ನೈಫಿಗೆ ಹೋಗುವವರೆಗೆ ಆ ಸಮಾಧಾನ ಉಳಿದಿತ್ತು. ಕಾಕಾ ಗಿರಾಕಿಯೊಬ್ಬರಿಗೆ ಬಟ್ಟೆ ಅಳೆಯುತ್ತಿದ್ದರು. ನನ್ನನ್ನು ನೋಡಿ ಗಜಕೋಲು ಕೆಳಗಿಟ್ಟರು.

"ಎಂತ ಮಗಳೇ, ಮುಖ ಹೀಗೆ ಮಾಡಿದ್ದೀ? ಕೂತ್ಕೊ, ಮೊದ್ಲು ಚಾ ಕುಡಿ."

"ಕಾಕಾ, ಕೊನೆಯ ಪದ ಯಾಕೆ ಹಾಡ್ಲಿಲ್ಲ?"

"ಅದು ಮಾತ್ರ ಕೇಳ್ಬೇಡ ಮಾರಾಯ್ತಿ."

"ಕೇಳ್ಲಿಕ್ಕೇ ಬಂದದ್ದು."

ಅವರು ಗಿರಾಕಿಯನ್ನು ಕಳಿಸಿಕೊಟ್ಟು ಹತ್ತಿರ ಬಂದರು. "ಹಿಂದಿನ ದಿನವೇ ಮೀಟಿಂಗಿನಲ್ಲಿ ಆದದ್ದು ಅದು. ಭಾಗವತರು ಸರಿಯಾಗಿ ಹೇಳಿದ್ರು, ಅದ್ರಲ್ಲಿ ಕವಿಯ ಹೆಸರುಂಟು, ಬಿಡ್ಲಿಕ್ಕಾಗುದಿಲ್ಲ ಅಂತ. ಸೆಕ್ರೆಟರಿಯವರು ಎಂತ ಹೇಳಿದ್ದು ಗೊತ್ತುಂಟಾ? ಪ್ರಾಯೋಜಕರು ಹತ್ತು ಜನ ಇದ್ದಾರೆ, ಕವಿ ಒಬ್ಬಳು, ಅವಳ ಪದ್ಯಕ್ಕೆ ಟೈಮಿಲ್ಲ, ಯಲ್ಲಾ, ಮುಂದೆ ನಡೀರಿ, ಖಲಾಸ್. ಕೈ ಎತ್ತಿ ಅಂದ್ರು. ಎತ್ತಿದ್ರು."

"ಮತ್ತೆ ನೀವು?"

"ನಾನಾ?" ಕಾಕಾ ಬಟ್ಟೆಯನ್ನು ಮಡಚತೊಡಗಿದರು. "ನಾನು ಚಾ ಕುಡ್ದೆ."

ಆ ಮಾತನ್ನು ಹೇಳುವ ಪ್ರಾಮಾಣಿಕತೆ ಇಡೀ ಸಮಿತಿಯಲ್ಲಿ ಅವರೊಬ್ಬರಿಗಿತ್ತು. ಅದಕ್ಕಾಗಿ ಅವರನ್ನು ಗೌರವಿಸುತ್ತೇನೆ. ಕ್ಷಮಿಸಿದ್ದೇನೆಯೇ ಎಂದು ಇನ್ನೂ ತಿಳಿಯದು. ಕರಾವಳಿಯ ನಾಲ್ವರು ಆ ಮೇಜಿನ ಸುತ್ತ ಇದ್ದರು. ಮಂಗಳಪದ್ಯ ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ಹುಡುಗಿ ಉಪನ್ಯಾಸದ ತಯಾರಿಗೆ ವಸ್ತುಸಂಗ್ರಹಾಲಯಕ್ಕೆ ಬರುತ್ತಾಳೆಂದು ಗುಂಪಿನ ಸಂದೇಶಗಳಿಂದ ತಿಳಿದು, ಮುಂದಿನ ಶನಿವಾರ ಪಾಠಕ್ಕೆ ರಜೆ ಹೇಳಿ ಅಲ್ಲಿಗೆ ಹೋದೆ. ಜಗಳಕ್ಕೆಂದೇ ಹೋದೆ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವಳು ನಾಣ್ಯದ ಗಾಜಿಗೆ ಮೂಗು ತಾಗಿಸಿ ನಿಂತು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದಳು.

"ಅಕ್ಕಾ! ಒಳ್ಳೇದಾಯ್ತು ಬಂದ್ರಿ. ಇವನ ಕೈಲಿ ಕುದುರೆ ಯಾಕೆ? ಗೂಗಲ್‌ನಲ್ಲಿ ಸಿಗ್ತಿಲ್ಲ."

"ಪ್ರಸಂಗ ಬರೆದವಳಿಗೆ ಗೊತ್ತಿರಬೇಕಲ್ಲ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಅರ್ಥ ಮಾಡಿಸಿದೆ, ಅಲ್ಲಿನ ಕಾವಲುಗಾರ ಎರಡು ಸಲ ತಿರುಗಿ ನೋಡುವಷ್ಟು ಜೋರಾಗಿ. ಅವಳು ಗೀಚುವುದನ್ನು ನಿಲ್ಲಿಸಿದಳು.

"ಸಾಂಗ್ಸ್ ಎಲ್ಲ ಹಳೇದು ಅಂದ್ಕೊಂಡಿದ್ದೆ. ಮ್ಯೂಸಿಯಂ ಫಾರ್ಮ್‌ನಲ್ಲಿ ರೈಟರ್ ಯಾರು ಅಂತ ಕೇಳಿದ್ರು. ಸೆಕ್ರೆಟರಿ ಅಂಕಲ್‌ಗೆ ಫೋನ್ ಮಾಡಿದೆ. ಸಾಂಗ್ಸ್‌ಗೆ ಟ್ರೆಡಿಷನಲ್ ಅಂತ ಹಾಕು, ಮಾತು ನಿಂದೇ ಅಲ್ವಾ, ನಿನ್ನ ಹೆಸರು ಹಾಕು ಅಂದ್ರು. ನೀವು ನಮಗೆ ಉಚ್ಚಾರಣೆ ಹೇಳಿಕೊಡೋ ಟೀಚರ್ ಅಂತ ಅಂದ್ಕೊಂಡಿದ್ದೆ ಅಕ್ಕಾ."

"ಒಂದು ಸಲ ಕೇಳಬಹುದಿತ್ತು."

"ನೀವೂ ಒಂದು ಸಲ ಹೇಳಬಹುದಿತ್ತು!" ಅವಳಿಗೂ ಸಿಟ್ಟು ಬಂತು. ಗಾಜಿನತ್ತ ಬೆರಳು ತೋರಿಸಿದಳು. "ಈ ಕಾಯಿನ್ ಗ್ರೀಕ್ಸ್‌ದು. ಅವರ ಹೀರೋ, ಅವರ ದೇವರು. ಇಲ್ಲಿಯವಳು ತನ್ನ ಹೆಸರು ಹಾಕಿದ್ದಾಳೆ. ಅದಕ್ಕೆ ನೀವು ಓದಿರೋರು ಪ್ರಭಾವ ಅಂತೀರ. ನಾನು ಹಾಕಿದ್ರೆ ಕಳ್ಳತನಾನಾ?"

ನನ್ನ ಪ್ರಬಂಧದ ಪುಟಪುಟದಲ್ಲೂ 'ಪ್ರಭಾವ' ಎಂಬ ಪದವಿದೆ. ಗ್ರೀಕರ ದೇವತೆಗಳು ಊರೂರಿಗೆ ಹೋಗಿ ವೇಷ ಬದಲಿಸಿದ್ದನ್ನೂ, ಒಬ್ಬರ ಬಿರುದು ಮತ್ತೊಬ್ಬರ ಮೇಲೆ ಕೂತದ್ದನ್ನೂ ಎಷ್ಟು ಸಂಭ್ರಮದಿಂದ ಬರೆದಿದ್ದೆ! ಮೊದಲ ಅಚ್ಚನ್ನು ಕೆತ್ತಿದವನ ಹೆಸರು ಎಲ್ಲಿ ಹೋಯಿತೆಂದು ಒಂದು ಸಾಲಿನಲ್ಲೂ ಕೇಳಿರಲಿಲ್ಲ. ನನ್ನದು ಹೋದಾಗ ಮಾತ್ರ ಕೇಳಿದೆ. ಹೆರಾಕ್ಲೀಸ್ ಎಂಬ ಹೆಸರಿನಲ್ಲೇ ಹೆರಾಳ ಕೀರ್ತಿ ಇದೆ ಎನ್ನುತ್ತಾರೆ. ಅವಳು ಜೀವಮಾನವಿಡೀ ದ್ವೇಷಿಸಿದ ಹುಡುಗ ಅವಳ ಹೆಸರನ್ನೇ ಹೊತ್ತು ಲೋಕ ಸುತ್ತಿದ. ಅವಳಿಗೆ ಅದು ಹೇಗಿತ್ತೆಂದು ನನಗೆ ಆ ಗಾಜಿನ ಮುಂದೆ ಅಂದಾಜಾಯಿತು.

"ಆ ಕೆತ್ತನೆಗಾರ ಸತ್ತು ಎರಡು ಸಾವಿರ ವರ್ಷವಾಯಿತು," ಎಂದೆ. "ಅವನನ್ನು ಕೇಳಲು ಸಾಧ್ಯವಿಲ್ಲ. ನಾನು ಪರದೆಯ ಪಕ್ಕದಲ್ಲೇ ನಿಂತಿದ್ದೆ."

ಅವಳು ನೋಟ್‌ಬುಕ್ ಮುಚ್ಚಿದಳು. "ಆ ದಿನ ಗೊತ್ತಿದ್ದಿದ್ರೆ ಸ್ಟೇಜ್ ಮೇಲೆ ಹೇಳ್ತಿದ್ದೆ ಅಂತ ಹೇಳೋಕೆ ಇಷ್ಟ ಅಕ್ಕಾ. ಆದ್ರೆ ಗೊತ್ತಿಲ್ಲ. ಆ ಚಪ್ಪಾಳೆ ತುಂಬ ಚೆನ್ನಾಗಿತ್ತು."

ಆ ಮಾತಿನಿಂದ ನನ್ನ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ. ಹೆಚ್ಚೇ ಆಯಿತು. ಅಷ್ಟು ನೇರವಾಗಿ ಮಾತನಾಡುವ ಶಕ್ತಿಯೂ ಅವಳಲ್ಲೇ ಇರಬೇಕೆ ಎಂದು. ಆದರೂ ಅಲ್ಲಿಂದ ಹೊರಬರುವಾಗ ಒಂದು ವಿಷಯ ಖಚಿತವಾಗಿತ್ತು. ಅಷ್ಟು ದಿನ ನಾನು ತಪ್ಪು ವ್ಯಕ್ತಿಯ ಮೇಲೆ ಕಣ್ಣಿಟ್ಟಿದ್ದೆ. ಕೈ ಎತ್ತಿದವರು ಬೇರೆ. ಇಬ್ಬರು ಹುಡುಗಿಯರು ಗಾಜಿನ ಪೆಟ್ಟಿಗೆಯ ಮುಂದೆ ಕಿತ್ತಾಡುತ್ತಿದ್ದರೆ ಆ ಕೈಗಳನ್ನು ಯಾರೂ ನೋಡುವುದಿಲ್ಲ.

ಆದ್ದರಿಂದ, ಮಾನ್ಯ ಸಮಿತಿಯವರೇ, ಈ ಬರಹ ನಿಮಗೆ. ಆ ಹುಡುಗಿಯ ಉಪನ್ಯಾಸವನ್ನು ರದ್ದುಗೊಳಿಸಿ ಎಂದು ನಾನು ಕೇಳುತ್ತಿಲ್ಲ. ಹೆರಾಳ ಬಾಯಲ್ಲಿ ಅವಳು ಹೇಳಿದ ಮಾತು ಅವಳದು, ಅದನ್ನು ಅವಳೇ ಹೇಳಲಿ. ಪದ ನನ್ನದು. ಪ್ರಸಂಗದ ಕರ್ತೃ ಯಾರೆಂಬುದನ್ನು ಸರಿಪಡಿಸಿ ವಸ್ತುಸಂಗ್ರಹಾಲಯಕ್ಕೆ ಸಂಘದ ಅಧಿಕೃತ ಪತ್ರ ಬರೆಯಬೇಕು. ನಾಲ್ಕು ಶನಿವಾರಗಳಲ್ಲಿ ನಾಣ್ಯದ ಇತಿಹಾಸ ಹೇಳಲು ನನ್ನ ಹೆಸರನ್ನೂ ಅದರಲ್ಲಿ ಶಿಫಾರಸು ಮಾಡಬೇಕು. ವಾರ್ಷಿಕ ಸ್ಮರಣ ಸಂಚಿಕೆ ಇನ್ನೂ ಮುದ್ರಣಕ್ಕೆ ಹೋಗಿಲ್ಲವೆಂದು ಬಲ್ಲೆ. ಪ್ರಸಂಗವನ್ನು ಒಂದು ಪದ್ಯವನ್ನೂ ಬಿಡದೆ ಅದರಲ್ಲಿ ಅಚ್ಚು ಹಾಕಿಸಬೇಕು. ಆ ಸಭೆಯ ನಡಾವಳಿಯನ್ನು, ಕೈ ಎತ್ತಿದವರು ಯಾರು, ಯಾವ ಕಾರಣಕ್ಕೆ ಎಂಬ ವಿವರದೊಂದಿಗೆ, ಸದಸ್ಯರೆಲ್ಲರ ಮುಂದಿಡಬೇಕು. ಫೋನಿನಲ್ಲಿ ಬರುವ ಸಮಾಧಾನದ ಮಾತುಗಳನ್ನು ನಾನು ಉತ್ತರವೆಂದು ಪರಿಗಣಿಸುವುದಿಲ್ಲ. ಮೊದಲ ಉಪನ್ಯಾಸದ ದಿನಕ್ಕೆ ಮುಂಚಿತವಾಗಿ, ಅಧ್ಯಕ್ಷರ ಮತ್ತು ಕಾರ್ಯದರ್ಶಿಯವರ ಸಹಿಯೊಂದಿಗೆ, ಲಿಖಿತ ಉತ್ತರ ನೀಡಿ ಕ್ರಮ ಕೈಗೊಳ್ಳಬೇಕೆಂದು ಈ ಮೂಲಕ ಕೋರುತ್ತೇನೆ.